ಕೈಯಳತೆ

ಪಿಕಪ್ಪಿನ ರೇಡಿಯೇಟರಿನ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದ್ದೇ ತಡ, ಇನ್ನೂ ತಣ್ಣಗಿದ್ದ ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದಿತು. ಹಿಂದೆ ಸೈಲೆನ್ಸರ್ ಬಿಳಿ ಹೊಗೆ ಉಗುಳುತ್ತಿತ್ತು. ಮೇಸ್ತ್ರಿಯ ಮಗಳು ಇಂಜಿನ್ ಆರಿಸಿ ಆಯಿಲ್ ಮುಚ್ಚಳ ತಿರುಗಿಸಿದಳು. ಒಳಗಡೆ ಹಾಲು ಜಾಸ್ತಿಯಾದ ಕಾಫಿಯಂಥ ಜಿಡ್ಡು ಅಂಟಿತ್ತು. ಆಯಿಲಿಗೆ ನೀರು ಸೇರಿದೆ, ಅನುಮಾನವೇ ಇಲ್ಲ.

"ಹೆಡ್ ಗ್ಯಾಸ್ಕೆಟ್ ಹೋಗಿದೆ," ಎಂದಳು. ಇಂಜಿನ್ನಿಗೂ ಅದರ ಮೇಲೆ ಬೋಲ್ಟಿನಿಂದ ಬಿಗಿಯುವ ಹೆಡ್ಡಿಗೂ ನಡುವೆ, ನೀರು ಆಯಿಲು ಬೆರೆಯದಂತೆ ಕೂರಿಸುವ ಹಾಳೆ ಅದು.

"ಮತ್ತೆ ಹೋಯ್ತಾ?" ಪಿಕಪ್ಪಿನ ಒಡತಿ ಸೊಂಟದ ಮೇಲೆ ಕೈಯಿಟ್ಟಳು. ಮೀನು ಮಾರ್ಕೆಟ್ಟಿಗೆ ಐಸ್ ಸಾಗಿಸುವ ಹೆಂಗಸು, ಊರಿಗೆಲ್ಲ ಐಸಕ್ಕ. ಹೆಸರು ತಣ್ಣಗಿದ್ದರೂ ಬಾಯಿ ಬಿಸಿ. "ಮೊನ್ನೆ ಮೊನ್ನೆ ತಾನೇ ಹಾಕಿಸಿದ್ದು! ಮೇಸ್ತ್ರಿ ಅವರೇ ನಿಂತು ಹಾಕಿದ್ರು."

ಮೇಸ್ತ್ರಿಯೇ ಈ ರಿಪೇರಿ ಶೆಡ್ಡಿನ ಯಜಮಾನ. ಸ್ಟೂಲಿನ ಮೇಲಿಂದಲೇ ಗುಡುಗಿದ. "ನೀರು ನೋಡ್ದೆ ಓಡಿಸಿರ್ತೀಯ. ಕುದ್ದು ಕುದ್ದು ಸುಟ್ಟಿರುತ್ತೆ."

"ಒಲೆ ಮೇಲಿನ ಹಾಲಾದ್ರೂ ಮರೆತೇನು, ಇದರ ನೀರು ಮರೆಯೋಳಲ್ಲ ನಾನು."

"ಹಾಗಾದ್ರೆ ನನ್ನ ಕೈ ತಪ್ಪಿತಾ?"

ಆ ಕೈಯ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿ, ತಿಂಗಳುಗಟ್ಟಲೆ ಮಲಗಿ ಎದ್ದು ಬಂದ ಮೇಲೆ ಅವನು ಮಾಡಿದ ಮೊದಲ ದೊಡ್ಡ ಕೆಲಸವೇ ಈ ಗಾಡಿಯದು. ಮಗಳನ್ನು ಹತ್ತಿರಕ್ಕೂ ಬಿಡದೆ ಒಬ್ಬನೇ ಮಾಡಿದ್ದ. ಜೀವಮಾನವಿಡೀ ಅವನು ಬೋಲ್ಟ್ ಬಿಗಿಸಿದ್ದು ಕೈಯಳತೆಯಲ್ಲಿ. ಬಿಗಿತವನ್ನು ಅಳೆದು, ಸಾಕಾದಾಗ ಟಕ್ಕೆನ್ನುವ ಟಾರ್ಕ್ ರೆಂಚ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಟೇಪು ಬೇಕಾದೋರು ದರ್ಜಿ ಆಗ್ಲಿ" ಎಂದು ಹಂಗಿಸುತ್ತಿದ್ದ. ಮಗಳು ಆಸೆಪಟ್ಟು ತಂದ ರೆಂಚ್ ಹಳೇ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯ ತಳ ಸೇರಿತ್ತು. ಈ ಗಾಡಿ ರಿಪೇರಿಯಾಗಿ ಹೊರಟ ದಿನ ಅವನು ನಾಲ್ಕು ಜನರೆದುರು ಹೇಳಿದ್ದ: "ಈ ಕೈ ತಪ್ಪಿದ ದಿನ ಶಟರ್ ಎಳೆದು ಮನೆಗೆ ಹೋಗ್ತೀನಿ. ಮತ್ತೆ ತೆಗೆಯೋ ಮಾತೇ ಇಲ್ಲ." ಅವನು ಆಡಿದಂತೆ ನಡೆಯುವವನು. ಯಾವುದೋ ಸಿಟ್ಟಿಗೆ ಬಿಟ್ಟ ಬೀಡಿಯನ್ನು ಮತ್ತೆ ಮುಟ್ಟಿದವನಲ್ಲ.

ಮಗಳು ಕೆಲಸಕ್ಕಿಳಿದಳು. ನೀರು ಇಳಿಸಿ, ಮೇಲಿನದೆಲ್ಲ ಕಳಚಿ, ಹೆಡ್ಡಿನ ಎರಡು ಸಾಲು ಬೋಲ್ಟುಗಳಲ್ಲಿ ತುದಿಯದಕ್ಕೆ ಸ್ಪ್ಯಾನರ್ ಹಾಕಿದಳು. ಈಚೆ ಸಾಲಿನದು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಸ್ಪ್ಯಾನರಿಗೆ ಪೈಪು ತೊಡಿಸಿ ಮೈಭಾರವೆಲ್ಲ ಬಿಟ್ಟ ಮೇಲೆ ಕಿರ್ರೆಂದಿತು. ಆಚೆ ಸಾಲಿನದಕ್ಕೆ ಕೈಯಿಟ್ಟರೆ ಡಬ್ಬಿಯ ಮುಚ್ಚಳದ ಹಾಗೆ ಸಲೀಸಾಗಿ ಬಂತು. ಈಚೆ ಸಾಲಿಗೆ ಎರಡೂ ಕೈ ಹಾಕಬಹುದು; ಆಚೆ ಸಾಲಿಗೆ ಗಾಡಿಯ ಮೇಲೆ ಬಗ್ಗಿ, ಬಲಗೈಯೊಂದರಲ್ಲೇ ಎಳೆದು ಬಿಗಿಸುವುದು ಅಪ್ಪನ ಅಭ್ಯಾಸ.

ಉಳಿದದ್ದನ್ನೂ ಸದ್ದಿಲ್ಲದೆ ತಾನೇ ಬಿಚ್ಚಿ, ಗ್ಯಾಸ್ಕೆಟ್ ಮಾಲೇ ಸರಿಯಿಲ್ಲ ಎಂದುಬಿಟ್ಟರೆ ಮುಗಿಯಿತು. ಅಪ್ಪನ ಮಾನವೂ ಉಳಿಯುತ್ತದೆ, ಶೆಡ್ಡೂ ಉಳಿಯುತ್ತದೆ. ಆದರೆ ನಾಳೆ ಅದೇ ಕೈ ಇನ್ಯಾರದೋ ಗಾಡಿಯ ಚಕ್ರದ ನಟ್ಟು ಬಿಗಿಸುತ್ತದೆ. ಅವಳು ಸ್ಪ್ಯಾನರನ್ನು ಪಕ್ಕಕ್ಕಿಟ್ಟಳು.

"ಅಪ್ಪಾ, ಬಾ ಇಲ್ಲಿ. ಇದೊಂದನ್ನ ನೀನೇ ಬಿಚ್ಚು."

"ಯಾಕೆ, ನಿನ್ನ ಕೈಗೇನು ಬಂತು?"

"ಬಾ ಅಂದೆನಲ್ಲ."

ಅವನು ಗೊಣಗುತ್ತಲೇ ಬಂದು ಬಗ್ಗಿ, ಬಲಗೈಯಲ್ಲಿ ಸ್ಪ್ಯಾನರ್ ಹಿಡಿದ. ಆಚೆ ಸಾಲಿನ ಬೋಲ್ಟು ಆ ಸೋತ ಕೈಗೂ ಸುಮ್ಮನೆ ತಿರುಗಿತು. ಪಕ್ಕದ್ದಕ್ಕೆ ಹಾಕಿದ, ಅದೂ ತಿರುಗಿತು. ಈಚೆ ಸಾಲಿನದಕ್ಕೆ ಹಾಕಿದ, ಅಲ್ಲಾಡಲಿಲ್ಲ. ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ.

"ಐಸಕ್ಕ, ನಿನ್ನ ನೀರಿಂದಲ್ಲಮ್ಮ," ಎಂದವನೇ ಹೋಗಿ ಸ್ಟೂಲಿನ ಮೇಲೆ ಕೂತ.

ಐಸಕ್ಕ ಕೆರಳಲಿಲ್ಲ. ತಾನೇ ಅಂಗಡಿಗೆ ಹೋಗಿ ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು ತಂದುಕೊಟ್ಟಳು. ಹಳೇ ಗ್ಯಾಸ್ಕೆಟ್ ಆಚೆ ಸಾಲಿನ ಕಡೆಯೇ ಸುಟ್ಟು ಕಪ್ಪಗಾಗಿತ್ತು. ಮಗಳು ಹೆಡ್ಡಿನ ತಳವನ್ನು ಒರೆಸಿ, ಮೇಲೆ ಉಕ್ಕಿನ ಪಟ್ಟಿಯಿಟ್ಟು ಡೊಂಕಿಲ್ಲವೆಂದು ಖಾತ್ರಿ ಮಾಡಿಕೊಂಡು ಕೂರಿಸಿದಳು. ಕೊನೆಗೆ ಅವಳು ಪೆಟ್ಟಿಗೆಯ ತಳದಿಂದ ಟಾರ್ಕ್ ರೆಂಚ್ ತೆಗೆದು, ಅವನ ಕಣ್ಣೆದುರೇ ಬಟ್ಟೆ ಬಿಚ್ಚಿದಳು.

ಅವನು ಎದ್ದ. ಬಿಸಿಲಿಗೆಂದು ಅರ್ಧ ಇಳಿಸಿದ್ದ ಶಟರಿನ ಕಡೆ ಕಾಲೆಳೆದುಕೊಂಡು ನಡೆದ.

ಮಗಳು ತಡೆಯಲಿಲ್ಲ. ಮುಚ್ಚಿದರೆ ಮುಚ್ಚಲಿ, ಈ ಗಾಡಿ ಮಾತ್ರ ಸರಿಯಾಗಿಯೇ ಆಚೆ ಹೋಗಬೇಕು. ನಡುವಿನ ಬೋಲ್ಟಿಗೆ ರೆಂಚ್ ಹಾಕಿ ಎಳೆದಳು. ಟಕ್. ಅವಳ ಬೆನ್ನ ಹಿಂದೆ ಶಟರ್ ಗಡಗಡ ಎಂದಿತು, ಆಮೇಲೆ ಸಿಕ್ಕಿಕೊಂಡು ನಿಂತಿತು. ಅವಳು ತಲೆಯೆತ್ತದೆ ಕತ್ತಲಿಗೆ ಕಾದಳು.

"ಐಸಕ್ಕ," ಎಂದಿತು ಅಪ್ಪನ ದನಿ, "ನಿಂತು ನೋಡ್ತೀಯಲ್ಲ, ಬಂದು ಎತ್ತು. ಒಂದೇ ಕೈಲಿ ಆಗ್ತಿಲ್ಲ ನನಗೆ. ಹುಡುಗಿಗೆ ಬೆಳಕು ಸಾಲದು."

ಶಟರ್ ಪೂರ್ತಿ ಮೇಲೆ ಹೋಯಿತು. ಬಿಸಿಲು ಒಳಗೆ ನುಗ್ಗಿ ಆಚೆ ಸಾಲಿನ ಬೋಲ್ಟುಗಳ ಮೇಲೆ ಬಿತ್ತು.