ಬಾಗಿಲಿಗೆ ಬಂದ ಪ್ರೇತ

ದೋಣಿ ದ್ವೀಪ ಮುಟ್ಟುವವರೆಗೂ ನನ್ನನ್ನು ಕಾಡಿದ ಅಂಜಿಕೆ ಒಂದೇ: ನಾನು ಯಾರೆಂದು ಅಲ್ಲಿಯವರಿಗೆ ಹೇಗೆ ಹೇಳಲಿ? "ಅಲ್ಲಿ ನಮ್ಮವರು ಯಾರೂ ಇಲ್ಲ" ಎನ್ನುತ್ತಲೇ ಈ ದ್ವೀಪದಲ್ಲಿ ಹುಟ್ಟಿದ ಮುತ್ತಜ್ಜ ತೀರಿಕೊಂಡಿದ್ದರು. ಇಲ್ಲಿ ಅವರ ಹೆಸರು ಹೇಳಿದೊಡನೆ ಮೀನುಗಾರರು ನನ್ನನ್ನು ಅವರ ಮಗಳ ಮನೆಗೇ ಕರೆತಂದರು. ಎಂಬತ್ತರ ಅಜ್ಜಿ ಜಗಲಿಯಲ್ಲಿ ಹರಿದ ಬಲೆ ಹೆಣೆಯುತ್ತಿದ್ದರು. ಹೆದರಿ, ಕಾಲೇಜಿಗಾಗಿ ಅವರ ಅಪ್ಪನ ಹಳೆಯ ಕಥೆ ಬರೆದುಕೊಳ್ಳಲು ಬಂದೆ ಎಂದು ಸುಳ್ಳು ಹೇಳಿದೆ.

"ಅಪ್ಪಯ್ಯನ ಕಥಿಯಾ? ಬರ್ಕೋ ಮಗಾ. ಗಾಳಿಗೆ ದೋಣಿ ಹೋಯ್ತ್. ಮೂರ್ ತಿಂಗ್ಳ್ ಕಾದ್ರ್, ಹೆಣ ಸಿಕ್ಲಿಲ್ಲ. ಹುಲ್ಲಿನ ಗೊಂಬೆ ಮಾಡಿ ಸುಟ್ಟ್, ಬೊಜ್ಜ, ತಿಥಿ ಎಲ್ಲ ಮುಗಿಸಿದ್ರ್."

"ಆಮೇಲೆ?"

"ಮಾರ್ನೇ ದಿನ ಅಪ್ಪಯ್ಯನ ಪ್ರೇತ ಬಾಗ್ಲಿಗೇ ಬಂತ್! ಗಡ್ಡ ಬಿಟ್ಕಂಡ್, ನನ್ನ ಹೆಸ್ರ್ ಹಿಡ್ದ್ ಕರೀತಿತ್. ಬೊಜ್ಜ ಆದವ್ರಿಗೆ ಬಾಗ್ಲ್ ತೆಗೀಬಾರ್ದ್ ಅಂದ್ಳ್ ಅಮ್ಮ. ನಂಗಾಗ ಏಳ್ ವರ್ಷ. ಕಿಟಕಿಯಿಂದ ಕಲ್ಲ್ ಬೀಸ್ದೆ. ಹಣೆಗೇ ಬಿತ್ತ್. ಹೊರಟೇ ಹೋಯ್ತ್!"

ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದ ಸೊಸೆ ನಕ್ಕಳು. "ನಮ್ಮತ್ತೆಗೆ ಪ್ರೇತವೇ ಹೆದರಿತ್, ಇನ್ನ್ ನಾನ್ ಯಾವ ಲೆಕ್ಕ!"

ಅಜ್ಜಿ ನಗಲಿಲ್ಲ. ಬಲೆಯನ್ನು ಕೆಳಗಿಟ್ಟು ನನ್ನತ್ತ ಬಾಗಿದರು.

"ಓದಿದವ್ಳ್ ನೀನ್, ಒಂದ್ ಹೇಳ್. ಪ್ರೇತಕ್ಕೆ ರಕ್ತ ಬರತ್ತಾ?"

ಬರುತ್ತದೆ ಎಂದುಬಿಟ್ಟರೆ ಈ ಜೀವ ನೆಮ್ಮದಿಯಾಗಿರುತ್ತದೆ. ಸಂಜೆಯ ದೋಣಿಗೆ ನಾನೂ ಹೊರಡಬಹುದು. ಆದರೆ ಎಪ್ಪತ್ತು ವರ್ಷದಿಂದ ಯಾರನ್ನೂ ಕೇಳದೆ ಉಳಿದಿದ್ದ ಪ್ರಶ್ನೆ ಅದು. ಅವರ ಕಣ್ಣು ನನ್ನನ್ನು ಬಿಡಲಿಲ್ಲ.

"ಅಜ್ಜೀ," ಎಂದೆ, "ನನ್ನ ಮುತ್ತಜ್ಜನ ಹಣೆ ಮೇಲೆ ಒಂದು ಕಲೆ ಇತ್ತು. ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ನೋಡಿದ್ದೀನಿ."