ದೋಣಿಯ ಮೀಸೆ

ಫಿಲುಮೆನಾ ತಮ್ಮನ ದೋಣಿಯ ಹಳದಿ ಮೀಸೆಗೆ ಕಪ್ಪು ಬಳಿಯುತ್ತಿದ್ದಳು. ದೋಣಿಯ ಮೂತಿಯಲ್ಲಿ ಬರೆದ ಕಣ್ಣುಗಳ ಮೇಲಿನ ಆ ಪಟ್ಟಿ ಕಪ್ಪಾಯಿತೆಂದರೆ ಒಡೆಯನ ಮನೆಯಲ್ಲಿ ಸಾವಾಗಿದೆ ಎಂದರ್ಥ. ಮಾಲ್ಟಾದ ಮಾರ್ಸಾಶ್ಲೊಕ್ ಬಂದರಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ವೆನ್ಜು ಓಡಿ ಬಂದ. "ತಲೆ ಕೆಟ್ಟಿದ್ಯೇನೇ ಅಕ್ಕ? ನನ್ನ ಮನೇಲಿ ಯಾರೂ ಸತ್ತಿಲ್ಲ!"

"ನಿನ್ನ ಮನೇಲಿ ಸಾಯಕ್ಕೆ ನೀನೆಲ್ಲಿ ಬಿಟ್ಟೆ? ಅಮ್ಮನ್ನ ಹಾಸಿಗೆ ಸಮೇತ ತಂದು ಗೋಜೋ ದ್ವೀಪದಲ್ಲಿ ನನ್ನ ಬಾಗಿಲಿಗೆ ಹಾಕಿ ಹೋದೆ. ಫೋನ್ ಮಾಡಿದ್ರೆ, ಅಮ್ಮ ಅಂದ ಕೂಡ್ಲೇ ಕುಕ್ಕಿದೆ. ನಿನಗೆ ಬೇಡದಿದ್ರೆ ಬೇಡ, ದೋಣಿಗಾದ್ರೂ ತಿಳೀಲಿ ಅಂತ ಬಂದೆ." ಕುಂಚ ಮಾತ್ರ ನಿಲ್ಲಲಿಲ್ಲ.

ವೆನ್ಜುವಿನ ಮುಖ ಬಿಳಿಚಿತು. ಬಣ್ಣದ ಡಬ್ಬಿ ಕಿತ್ತುಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ ಪಾವ್ಲು ಕಪ್ಪು ಮೀಸೆಯನ್ನು ಕಂಡು ಟೋಪಿ ತೆಗೆದು ಎದ್ದು ಬಂದ. ಅವನ ಹಿಂದೆ ಬಂದರಿನ ಮಂದಿಯೆಲ್ಲ ಬಂದರು. ಚಾಚಿದ್ದ ಆ ಕೈಯನ್ನೇ ಪಾವ್ಲು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡ.

"ಯಾರಪ್ಪಾ ಹೋಗಿದ್ದು?"

"ಅಮ್ಮ," ಎಂದ ವೆನ್ಜು, ತಲೆ ತಗ್ಗಿಸಿ.

"ಅಯ್ಯೋ ದೇವರೇ! ಯಾವತ್ತು ಹೋದ್ರು?"

ವೆನ್ಜು ಅಕ್ಕನ ಮುಖ ನೋಡಿದ. ಫಿಲುಮೆನಾ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಮುಚ್ಚಿದಳು.

"ಹೇಳಪ್ಪಾ, ಎಲ್ಲರೂ ಕೇಳ್ತಿದ್ದಾರೆ," ಎಂದಳು. " ಒಬ್ಬನೇ ಮಗ ನೀನು."