ದೋಣಿಗೆ ಬೇಕಾದ ಐವತ್ತು ವೋಟು

ರಾಜಕಾಲುವೆ ಒಡೆದು ಮನೆಯೊಳಗೆ ಮೊಣಕಾಲು ಮಟ್ಟ ನೀರು ನಿಂತಿತ್ತು. ಅಡುಗೆಮನೆಯ ಫೋಟೋ ತೆಗೆದು ಬಡಾವಣೆಯ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆಯೊಳಗೆ ಐವತ್ತು ಜನ ‘ನಿಜ’ ಎಂದು ಒತ್ತಿದರೆ ಮಾತ್ರ ಪಾಲಿಕೆಯವರು ದೋಣಿ ಕಳಿಸುತ್ತಾರೆ. ಎಐ ಚಿತ್ರಗಳ ಕಾಟ ಶುರುವಾದ ಮೇಲೆ ಎಲ್ಲ ಊರಲ್ಲೂ ಇದೇ ಪದ್ಧತಿ.

ಮಹಾಪಂಡಿತರೆಲ್ಲ ಎದ್ದು ಕೂತರು. ಜನ್ಮದಲ್ಲಿ ಕಾಲುವೆಯತ್ತ ಇಣುಕಿಯೂ ನೋಡದ ದಂತವೈದ್ಯರು “ನೀರು ತೀರಾ ನುಣುಪಾಗಿದೆ, ಎಐದೇ ಕೆಲಸ” ಎಂದು ಬರೆದರು. ಯೋಗ ಟೀಚರ್ ಶಕುಂತಲಾ “ತೇಲ್ತಿರೋ ಮಗ್ಗಿಗೆ ಹಿಡಿನೇ ಇಲ್ವಲ್ರೀ” ಎಂದು ನಕ್ಕರು. ಆ ಹಿಡಿ ಮುರಿದು ಎರಡು ವರ್ಷವಾಗಿತ್ತು.

ಏಳಲಾಗದೆ ಮಲಗಿದ್ದ ಅತ್ತೆಯ ಹಾಸಿಗೆ ಅಂಚಿನಿಂದ ಒದ್ದೆಯಾಗತೊಡಗಿತು.

ಸಮಯ ಮುಗಿಯಿತು. ನಲವತ್ತೊಂಬತ್ತೇ ವೋಟು. ದೋಣಿ ಬರುವುದಿಲ್ಲ.

ನನ್ನ ಗಂಡ ಸದಾನಂದರು ಅದೇ ನೀರಿನಲ್ಲಿ ಪಂಚೆ ಎತ್ತಿ ಕಟ್ಟಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದರು.

“ನೀವು ಒತ್ತಿದ್ರಾ?”

“ಒತ್ತಿದೆ, ಸುಳ್ಳು ಅಂತ. ನೋಡಿಲ್ಲಿ, ಫ್ರಿಜ್ಜಿನ ನೆರಳು ಉಲ್ಟಾ ಬಿದ್ದಿದೆ. ನನ್ನನ್ನ ಅಷ್ಟು ಸುಲಭವಾಗಿ ಯಾಮಾರಿಸೋಕಾಗಲ್ಲ ಕಣೇ.”